ಚಹಾದ ಸೋಸಣಿಗೆ ಮತ್ತು ಸಾರಾಸಾರ ವಿಚಾರ

ಧರ್ಮಾಧರ್ಮಗಳ ವಿಚಾರವು ಗ್ರಂಥಗಳಲ್ಲಿಯೂ ಸಭೆಗಳಲ್ಲಿಯೂ ಮಾತ್ರ ನಡೆಯತಕ್ಕದ್ದೆಂದು ಅನೇಕರ ತಿಳುವಳಿಕೆಯಿರುತ್ತದೆ. ಆದರೆ ಮನುಷ್ಯನ ನಡತೆಯೆಲ್ಲವೂ ದಿನದಿನದ ಸಣ್ಣ ಕೆಲಸಗಳಿಂದಲೇ ಆಗಿರುವದರಿಂದ, ಅಡಿಗೆಮನೆಯ ಒಂದು ಉಪಕರಣವನ್ನು ಮುಂದಿಟ್ಟುಕೊಂಡು ವಿಚಾರಮಾಡಿದರೂ ಅವೇ ಪ್ರಶ್ನೆಗಳಿಗೆ ಬಂದು ಮುಟ್ಟಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ತಂಬಿಗೆಯಲ್ಲಿ ನೀರು, ಅದರ ಹಿಂದೆಯೇ ಕಪ್ಪು-ಬಸಿಯಲ್ಲಿ ಚಹಾ. ಇದು ಕುಲಾಚಾರದಷ್ಟೇ ಗಟ್ಟಿಯಾಗಿ ನೆಲೆಗೊಂಡಿದೆ. ಅನೇಕ ಮನೆಗಳಲ್ಲಿ ಆ ನೀರೂ ಆ ಚಹಾವೂ ಸೋಸಿ ಬಂದವುಗಳೇ ಆಗಿರುತ್ತವೆ. ಹೀಗಿರಲು, ಒಳ್ಳೆಯ ಸೋಸಣಿಗೆ ಯಾವದು, ಅದನ್ನು ಬಳಸುವ ಬಗೆ ಹೇಗೆ, ಸೋಸುವವನು ಯಾವ ಹೊಣೆಯನ್ನು ಹೊತ್ತುಕೊಳ್ಳುವನು ಎಂಬದನ್ನು ಕೇಳುವದು ಅಪ್ರಸ್ತುತವಾಗಲಾರದು.

ಮೊದಲು ಈ ಸೀಮೆಯ ರೂಢಿಯನ್ನು ನೋಡುವಾ. ಬೋಗುಣಿಯಲ್ಲಿ ನೀರಿಟ್ಟು, ಸಕ್ಕರೆ, ಜಜ್ಜಿದ ಹಸಿಶುಂಠಿ, ಒಮ್ಮೊಮ್ಮೆ ಯಾಲಕ್ಕಿ, ಚಹಾಪುಡಿ ಹಾಕಿ, ಕುದಿ ಬಂದ ಮೇಲೆ ಹಾಲು ಸುರುವಿ ಮತ್ತೊಮ್ಮೆ ಕುದಿಸಿ, ಕಡೆಗೆ ಅರಿವೆಯಿಂದಾಗಲಿ ತಂತಿಯ ಜಾಲರಿಯಿಂದಾಗಲಿ ಸೋಸುವರು. ಮರಾಠಿಯ ನೆರೆಯಲ್ಲಿ ಇದೇ ಜಾಲರಿಗೆ ಗಾಳಣಿಯೆಂದು ಹೆಸರು. ಈ ಪದ್ಧತಿಯನ್ನು ಒರಟೆಂದು ಹಳಿಯುವವರುಂಟು. ಆದರೆ ಅವರು ಪುಡಿಯ ಸ್ವಭಾವವನ್ನು ಅರಿಯರು. 1930ರ ಸುಮಾರಿಗೆ ಅಸ್ಸಾಮದಲ್ಲಿ ವಿಲಿಯಂ ಮೆಕರ್ಚರನೆಂಬವನು ಒಂದು ಯಂತ್ರವನ್ನು ರಚಿಸಿದನು. ಅದರಲ್ಲಿಯ ಹಲ್ಲುಳ್ಳ ಎರಡು ಉರುಳೆಗಳು ಬೇರೆ ಬೇರೆ ವೇಗದಿಂದ ತಿರುಗಿ, ಎಲೆಯನ್ನು ಹಿಸುಕಿ, ಹರಿದು, ಕಾಳಾಗಿ ಸುರುಳಿಸುತ್ತವೆ. ಇಂದು ಸಿ.ಟಿ.ಸಿ. ಎಂದು ಕರೆಯಿಸಿಕೊಳ್ಳುವ, ಭಾರತದ ಬಹುಪಾಲು ಮನೆಗಳಲ್ಲಿ ಕುದಿಯುವ ಚಹಾಪುಡಿಯು ಈ ಬಗೆಯದು. ಅದು ಬೇಗನೆ ಬಣ್ಣ ಬಿಡುವದು, ಹಾಲಿನ ಮುಂದೆ ಸೋಲದೆ ನಿಲ್ಲುವದು. ಅಂಥ ಪುಡಿಯನ್ನು ಹಾಲಿನೊಡನೆ ಕುದಿಸಿ ಸೋಸುವದು ಅಜ್ಞಾನವಲ್ಲ. ಪದಾರ್ಥಕ್ಕೆ ತಕ್ಕ ಉಪಾಯವೇ ಸರಿ.

ಇತ್ತಿತ್ತಲಾಗಿ ಸುಶಿಕ್ಷಿತರ ಮನೆಗಳಲ್ಲಿ ನೀಲಗಿರಿಯ, ದಾರ್ಜಿಲಿಂಗದ, ಅಸ್ಸಾಮದ ಇಡಿಯ ಎಲೆಯ ಚಹಾವೂ ಬಳಕೆಗೆ ಬರಹತ್ತಿದೆ. ಇದನ್ನು ಕುದಿಸುವದಿಲ್ಲ, ಕಾದ ನೀರನ್ನು ಎಲೆಯ ಮೇಲೆ ಸುರುವಿ, ಸ್ವಲ್ಪ ಹೊತ್ತು ಮುಚ್ಚಿಟ್ಟು, ಬಳಿಕ ಎಲೆಯನ್ನು ಹೊರಗೆ ತೆಗೆಯುವರು. ಇದಕ್ಕಾಗಿ ಪೇಟೆಯಲ್ಲಿ ಇನ್‌ಫ್ಯೂಸರ್ ಎಂಬ ಹೆಸರಿನಿಂದ ಹಲವು ಆಕಾರದ ಸಾಧನಗಳು ದೊರೆಯುತ್ತವೆ: ಸರಪಳಿಯ ತುದಿಗೆ ತೂಗುವ ತೂತಿನ ಗುಂಡು, ಅಮುಕಿದರೆ ಬಾಯಿ ತೆರೆಯುವ ಜಾಲರಿಯ ಚಮಚ, ಕಪ್ಪಿನೊಳಗೆ ಕೂಡ್ರುವ ಜಾಲರಿಯ ಬುಟ್ಟಿ, ಅರಿವೆಯ ಚೀಲ. ಸೋಸಣಿಗೆಗೂ ಇವಕ್ಕೂ ಒಂದು ಮುಖ್ಯ ಭೇದವಿದೆ. ಸೋಸಣಿಗೆಯು ಕೆಲಸವೆಲ್ಲ ಮುಗಿದ ಮೇಲೆ ಬಂದು ಬೇರ್ಪಡಿಸುವದು. ಜಾಲರಿಬುಟ್ಟಿಯಾದರೋ ಮೊದಲಿನಿಂದಲೂ ಎಲೆಯೊಡನೆಯೇ ಇದ್ದು, ಕೂಡಿಸುವದನ್ನೂ ಅಗಲಿಸುವದನ್ನೂ ಎರಡನ್ನೂ ಮಾಡುವದು.

ಇವುಗಳಲ್ಲಿ ಯಾವದನ್ನು ಆರಿಸಬೇಕು? ಒಣಗಿದ ಎಲೆಯು ನೀರು ಹೀರಿಕೊಂಡು ತನ್ನ ಮೊದಲಿನ ಗಾತ್ರದ ಹಲವು ಪಟ್ಟು ಅರಳುವದು. ಸಣ್ಣ ಗುಂಡಿನಲ್ಲಿ ಅದನ್ನು ತುಂಬಿದರೆ ಹೊರಗಿನ ಎಲೆಗಳು ಮಾತ್ರ ನೀರನ್ನು ಕಾಣುವವು. ನಡುವಿನವು ಒತ್ತಾಗಿ ಮುದ್ದೆಯಾಗಿ ಉಳಿಯುವವು. ಆದುದರಿಂದ ನೋಡಲಿಕ್ಕೆ ಅಂದವಾಗಿರುವ ಗುಂಡಿಗಿಂತ ಕಪ್ಪಿನ ತಳದವರೆಗೆ ಇಳಿಯುವ ಅಗಲವಾದ ಬುಟ್ಟಿಯೇ ಲೇಸು. ಅದರ ತೂತುಗಳು ಎಲೆಯನ್ನು ತಡೆಯುವಷ್ಟು ಸಣ್ಣವಾಗಿಯೂ, ನೀರು ಸರಾಗವಾಗಿ ಓಡಾಡುವಷ್ಟು ಧಾರಾಳವಾಗಿಯೂ ಇರಬೇಕು. ತುಕ್ಕು ಹಿಡಿಯದ ಉಕ್ಕು ಒಳ್ಳೆಯದು. ಬರಿಯ ಕಬ್ಬಿಣವು ಚಹಾದ ಒಗರಿನೊಡನೆ ಕೂಡಿ ಮಸಿಯಂಥ ಕಪ್ಪನ್ನು ಬಿಡುವದು. ಅರಿವೆಯಾದರೆ ಅದನ್ನು ಪ್ರತಿಸಲ ಕುದಿನೀರಿನಲ್ಲಿ ಅದ್ದಿ ತೆಗೆದು ಬಿಸಿಲಿಗೆ ಒಣಗಿಸಬೇಕು. ನಿನ್ನಿನ ಹಾಲಿನ ವಾಸನೆ ಇಂದಿನ ಚಹಾದಲ್ಲಿ ಬರಬಾರದು. ಒಂದು ಕಪ್ಪಿಗೆ ಸುಮಾರು 2 ಗ್ರಾಂ ಎಲೆ, ಮೇಲೊಂದು ಮುಚ್ಚಳ, ಕಪ್ಪು ಚಹಾಕ್ಕೆ ಕುದಿದ ನೀರು ಮತ್ತು 3ರಿಂದ 5 ನಿಮಿಷ. ಹಸಿರು ಚಹಾಕ್ಕೆ ಸುಮಾರು 80 ಅಂಶದಷ್ಟು ಕಾದ ನೀರು ಮತ್ತು 2-3 ನಿಮಿಷ. ಪರಿಮಳವು ಮೊದಲು ಇಳಿಯುವದು, ಒಗರು ನಿಧಾನವಾಗಿ ಹಿಂದಿನಿಂದ ಬರುವದು. ಹೊತ್ತು ಮೀರಿದರೆ ಒಗರು ಗೆಲ್ಲುವದು. ಬುಟ್ಟಿಯನ್ನು ಎತ್ತಿದ ಮೇಲೆ ಕಡೆಯ ಹನಿಗಾಗಿ ಎಲೆಯನ್ನು ಹಿಂಡಬಾರದು.

ಇಲ್ಲಿಗೇ ಎರಡು ತತ್ತ್ವಗಳು ದೊರೆತವು. ಮೊದಲನೆಯದು, ಸಾರವನ್ನು ಬೇಡುವವನು ಸಾರವುಳ್ಳದ್ದಕ್ಕೆ ಅರಳಲು ಎಡೆ ಕೊಡಬೇಕು. ಎರಡನೆಯದು, ಸಾಕಾದಾಗ ಬಿಡಬೇಕು. ಮಕ್ಕಳಿಗೆ ವಿದ್ಯೆ ಕಲಿಸುವ ತಂದೆತಾಯಿಗಳೂ, ಆಳುಗಳಿಂದ ಕೆಲಸ ತೆಗೆದುಕೊಳ್ಳುವ ಯಜಮಾನರೂ ಈ ಎರಡನ್ನೂ ಮರೆಯುವದು ಹೆಚ್ಚು. ಇಕ್ಕಟ್ಟಾದ ಗುಂಡಿನೊಳಗೆ ತುಂಬಿ, ರುಚಿ ಬರಲಿಲ್ಲವೆಂದು ಮತ್ತಷ್ಟು ಹೊತ್ತು ಬಿಸಿನೀರಿನಲ್ಲಿ ಇಟ್ಟು, ಕಡೆಗೆ ಕಹಿಯಾಯಿತೆಂದು ಎಲೆಯನ್ನೇ ದೂರುವದು ಲೋಕದಲ್ಲಿ ಕಾಣದ ಸಂಗತಿಯಲ್ಲ.

ಇದಕ್ಕೆ ಕೆಲವರು ಆಕ್ಷೇಪಿಸುವರು: ಸಾಧನಕ್ಕೆ ಇಷ್ಟೊಂದು ಮಹತ್ವವೇಕೆ? ಕುಣಿಯಲಾರದವಳು ಅಂಗಳ ಡೊಂಕೆಂದಳಂತೆ. ಕೈಗುಣವುಳ್ಳವಳು ಹಳೆಯ ಪಂಜೆಯ ತುಂಡಿನಿಂದ ಸೋಸಿದರೂ ಚಹಾ ಚೆನ್ನಾಗಿಯೇ ಆಗುವದು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಪೂರ್ಣಸತ್ಯವಲ್ಲ. ಸಾಧನವು ಗುಣವನ್ನು ಹುಟ್ಟಿಸಲಾರದು. ಇದ್ದ ಗುಣವನ್ನು ಕೆಡಿಸಬಲ್ಲದು. ಆದುದರಿಂದ ಅದನ್ನು ಆರಿಸುವಾಗ ಎಚ್ಚರವೂ, ಆರಿಸಿಯಾದ ಮೇಲೆ ಅದರ ವಿಷಯವಾಗಿ ನಿರ್ಮಮತೆಯೂ ಇರಬೇಕು. ಬೆಲೆಯುಳ್ಳ ಬುಟ್ಟಿಯನ್ನು ಕೊಂಡು ಕಪಾಟಿನಲ್ಲಿ ಮೆರೆಸುವವನಿಗಿಂತ, ಅರಿವೆಯ ತುಂಡನ್ನು ದಿನಾಲು ತೊಳೆದು ಒಣಗಿಸುವವಳು ಚಹಾಕ್ಕೆ ಹೆಚ್ಚು ಹತ್ತಿರದವಳು.

ಇದಕ್ಕಿಂತಲೂ ಆಳವಾದ ಪ್ರಶ್ನೆಯೊಂದಿದೆ. ಸೋಸಣಿಗೆಯು ಸಾರವನ್ನು ಕೆಳಗೆ ಬಿಟ್ಟು ಚರಟವನ್ನು ತನ್ನಲ್ಲಿ ಇಟ್ಟುಕೊಳ್ಳುವದು. ಹಿಂದಿನವರು ಇದನ್ನು ದೋಷವೆಂದೇ ಎಣಿಸಿದ್ದರು. ಜೈನರ ನಂದೀಸೂತ್ರದಲ್ಲಿ ಕೇಳುಗರ ಭೇದಗಳನ್ನು ತಿಳಿಸುವಾಗ ಜರಡಿ, ಸೋಸಣಿಗೆ, ಹಂಸ ಮೊದಲಾದವುಗಳನ್ನು ಹೋಲಿಕೆಗಾಗಿ ತಂದಿದ್ದಾರೆ. ಹಂಸದಂಥ ಕೇಳುಗನು ಗುಣವನ್ನು ಹಿಡಿಯುವನು. ಸೋಸಣಿಗೆಯಂಥವನು ತುಪ್ಪವನ್ನು ಹರಿಯಬಿಟ್ಟು ಕಸವನ್ನು ಹಿಡಿಯುವನು. ಮೊರವು ಕಾಳನ್ನು ಉಳಿಸಿ ಹೊಟ್ಟನ್ನು ತೂರುವದೆಂಬ ಹೋಲಿಕೆಯೂ ಇದೇ ಅಭಿಪ್ರಾಯದ್ದು. ಮನಸ್ಸಿನ ವಿಷಯವಾಗಿ ಇದು ನಿಜವೇ. ಉಪನ್ಯಾಸವೊಂದನ್ನು ಕೇಳಿ ಬಂದು, ವಕ್ತಾರರ ಕೆಮ್ಮನ್ನೂ ತಪ್ಪುಚ್ಚಾರವನ್ನೂ ಮಾತ್ರ ನೆನಪಿನಲ್ಲಿ ಇಟ್ಟುಕೊಂಡವನು ಸೋಸಣಿಗೆಯೇ ಸರಿ.

ಆದರೆ ಸೋಸಣಿಗೆಯನ್ನು ಕೇಳುಗನ ಸ್ಥಾನದಿಂದ ಎತ್ತಿ ಸೇವಕನ ಸ್ಥಾನದಲ್ಲಿ ಇಟ್ಟು ನೋಡಿದರೆ ಅರ್ಥವು ತಿರುಗಿಹೋಗುವದು. ಅದು ಸಾರವನ್ನು ತನಗಾಗಿ ಬಯಸದೆ ಬೇರೊಬ್ಬರ ಕಪ್ಪಿಗೆ ಇಳಿಸಿ, ಯಾರಿಗೂ ಬೇಡಾದದ್ದನ್ನು ತಾನು ಹೊತ್ತು ನಿಲ್ಲುವದು. ಮನೆಯಲ್ಲಿ ಎಲ್ಲರಿಗೂ ಚಹಾ ಕೊಟ್ಟು ಕಡೆಗೆ ತಳದಲ್ಲಿ ಉಳಿದ ಗಸಿಯನ್ನು ತಾನು ಕುಡಿಯುವ ಗೃಹಿಣಿಯ ಧರ್ಮವು ಇದೇ ಅಲ್ಲವೆ? ಅದನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವದು ಸುಲಭ. ಸಾರವನ್ನು ಕುಡಿದವನು ಚರಟವು ಯಾರ ಪಾಲಿಗೆ ಹೋಯಿತೆಂದು ನೋಡಲಿಕ್ಕೆ ಕಟ್ಟುಬಿದ್ದಿರುವನೋ ಇಲ್ಲವೋ, ಇದೇ ನಿಜವಾದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವು ಈ ಸೀಮೆಯಲ್ಲಿಯೇ ಬಹುಕಾಲದಿಂದ ಆಚರಣೆಯಲ್ಲಿದೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಹಳ್ಳಿಗಳಲ್ಲಿ ಒಕ್ಕಲುತನ ಮಾಡುವ ಜೈನ ಮನೆತನಗಳು ಹೆಚ್ಚು. ದಿಗಂಬರ ಮುನಿಪರಂಪರೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ ಆಚಾರ್ಯ ಶಾಂತಿಸಾಗರರು (1872–1955) ವೇದಗಂಗಾ-ದೂಧಗಂಗೆಗಳ ಸಂಗಮದ ಬಳಿಯಲ್ಲಿರುವ ಭೋಜ ಗ್ರಾಮದ ಒಕ್ಕಲು ಮನೆತನದವರು. ಇಂಥ ಮನೆಗಳಲ್ಲಿ ಗಾಳಿಸದ ನೀರನ್ನು ಕುಡಿಯಬಾರದೆಂಬ ನಿಯಮವುಂಟು. ದಪ್ಪ ಅರಿವೆಯನ್ನು ಎರಡು ಪದರಾಗಿ ಮಡಿಚಿ ಕೊಡದ ಬಾಯಿಗೆ ಹಾಕಿ ನೀರನ್ನು ಸೋಸುವರು. ಅಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಅರಿವೆಯನ್ನು ತಿರುವಿ ಹಾಕಿ, ಸೋಸಿದ ನೀರನ್ನೇ ಅದರ ಮೇಲೆ ಹನಿಸಿ, ಅದರಲ್ಲಿ ನಿಂತ ಸೂಕ್ಷ್ಮಜೀವಿಗಳನ್ನು ತಂದ ಬಾವಿಗೇ ಇಲ್ಲವೆ ಹೊಳೆಗೇ ಮೆಲ್ಲನೆ ಮುಟ್ಟಿಸಬೇಕು. ಸೋಸಿದ ನೀರಿಗೂ ಅವಧಿಯಿದೆ; ಎರಡು ಘಳಿಗೆ, ಅಂದರೆ 48 ನಿಮಿಷಗಳಾದ ಮೇಲೆ ಮತ್ತೆ ಸೋಸಬೇಕು.

ಚಹಾದ ಅರಿವೆಯೂ ನೀರಿನ ಅರಿವೆಯೂ ನೋಡಲಿಕ್ಕೆ ಒಂದೇ. ಆದರೆ ಚಹಾದ ಅರಿವೆಯು ಕುಡಿಯುವವನ ಸುಖಕ್ಕಾಗಿ ಇದೆ. ನೀರಿನ ಅರಿವೆಯು ಅರಿವೆಯ ಮೇಲೆ ನಿಂತವುಗಳ ಜೀವಕ್ಕಾಗಿ ಇದೆ. ಒಂದರಲ್ಲಿ ಸೋಸುವವನ ಕಣ್ಣು ಕೆಳಗಿನ ಪಾತ್ರೆಯ ಮೇಲೆ, ಇನ್ನೊಂದರಲ್ಲಿ ಅರಿವೆಯ ಮೇಲುಬದಿಯ ಮೇಲೆ. ನೀರು ಕುದಿಯುವಾಗ ಅರಿವೆಯಿಂದ ನುಸುಳಿದ ಜೀವಿಗಳು ಸಾಯುವದಿಲ್ಲವೆ ಎಂದು ತಾರ್ಕಿಕರು ಕೇಳಬಹುದು. ಸಾಯುವವು. ಪೂರ್ಣ ಅಹಿಂಸೆಯು ದೇಹಧಾರಿಗೆ ಸಾಧ್ಯವಿಲ್ಲವೆಂಬದನ್ನು ಆ ಶಾಸ್ತ್ರಕಾರರೂ ಬಲ್ಲರು. ಎಲ್ಲವನ್ನೂ ಉಳಿಸಲಾರೆನೆಂಬ ಮಾತು, ಉಳಿಸಬಹುದಾದದ್ದನ್ನು ಉಳಿಸದಿರಲು ನೆವವಾಗಬಾರದೆಂಬದೇ ಆ ವ್ರತದ ಅರ್ಥ. ಇದರಲ್ಲಿ ಒಂದು ವಿಚಿತ್ರವನ್ನೂ ಗಮನಿಸತಕ್ಕದ್ದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯ ಅರಿವೆಯನ್ನು ನಾಲ್ಕಕ್ಕೂ ಹೆಚ್ಚು ಪದರಾಗಿ ಮಡಿಚಿ ನೀರನ್ನು ಸೋಸಿದಲ್ಲಿ ಕಾಲರಾ ಬೇನೆಯು ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಬೇನೆಯ ಕ್ರಿಮಿಗಳು ನೀರಿನಲ್ಲಿಯ ಸಣ್ಣ ಜಂತುಗಳಿಗೆ ಅಂಟಿಕೊಂಡಿರುವದೇ ಇದರ ಕಾರಣ. ಪರಜೀವಕ್ಕಾಗಿ ಹಿಡಿದ ಅರಿವೆಯು ಹಿಡಿದವನ ಜೀವವನ್ನೂ ಕಾಯುವದುಂಟು.

ಚಹಾಕ್ಕೂ ಈ ದಯೆಗೂ ಸಂಬಂಧವು ಇಂದು ನಿನ್ನಿನದಲ್ಲ. ಚಹಾದ ವಿಷಯವಾಗಿ ಲೋಕದಲ್ಲಿಯೇ ಮೊದಲನೆಯದೆಂದು ಹೆಸರಾದ ಗ್ರಂಥವನ್ನು ಎಂಟನೆಯ ಶತಮಾನದಲ್ಲಿ ಚೀನದ ಲು ಯು ಎಂಬವನು ಬರೆದನು. ಬೌದ್ಧವಿಹಾರದಲ್ಲಿ ಬೆಳೆದ ಈತನು ಚಹಾಕ್ಕೆ ಬೇಕಾದ ಉಪಕರಣಗಳನ್ನು ಒಂದೊಂದಾಗಿ ಹೇಳುವಾಗ ನೀರು ಸೋಸುವ ಚೀಲವೊಂದನ್ನೂ ಸೇರಿಸಿದ್ದಾನೆ. ಅದರ ಚೌಕಟ್ಟಿಗೆ ಯಾವ ಲೋಹ ಒಳ್ಳೆಯದು, ಕಬ್ಬಿಣವೇಕೆ ಬೇಡ ಎಂಬ ವಿವೇಚನೆಯೂ ಅಲ್ಲಿದೆ. ಆ ಚೀಲವು ಭಾರತದ ಬೌದ್ಧ ಭಿಕ್ಷುಗಳು ಜೀವಹಿಂಸೆಯಾಗದಿರಲೆಂದು ಪಾತ್ರೆಯ ಜೊತೆಗೆ ಒಯ್ಯುತ್ತಿದ್ದ ಸೋಸುವ ಅರಿವೆಯ ವಂಶದ್ದು. ಚಹಾದ ಸಾಧನಗಳನ್ನು ಆರಿಸುವ ವಿದ್ಯೆಯು ಹೀಗೆ ರುಚಿಯನ್ನೂ ದಯೆಯನ್ನೂ ಒಂದೇ ಪಟ್ಟಿಯಲ್ಲಿ ಇಟ್ಟುಕೊಂಡು ಹುಟ್ಟಿತು.

ಇನ್ನು ಚಹಾದ ಚರಟವನ್ನು ಕುರಿತು. ಅದರಲ್ಲಿ ಕಾಪಾಡಬೇಕಾದ ಜೀವವಿಲ್ಲ. ಆದರೂ ಅದಕ್ಕೆ ಸಲ್ಲುವ ಸ್ಥಾನವೊಂದಿದೆ. ಚಹಾಕ್ಕೆ ಸಿಹಿಯನ್ನು ಕೊಡುವ ಕಬ್ಬೇ ಇದಕ್ಕೆ ಮೇಲ್ಪಂಕ್ತಿ. ಈ ಸೀಮೆಯ ಗಾಣದ ಮನೆಗಳಲ್ಲಿ ರಸವನ್ನು ಸೋಸಿ, ಕುದಿಯುವ ಕೊಪ್ಪರಿಗೆಗೆ ಬೆಂಡೆಯ ಗಿಡದ ಲೋಳೆ ಹಾಕಿ ಮೇಲೆದ್ದ ಮಡ್ಡಿಯನ್ನು ತೆಗೆಯುವರು; ಹಿಂಡಿ ಉಳಿದ ಸಿಪ್ಪೆಯನ್ನು ಒಣಗಿಸಿ ಅದೇ ಕೊಪ್ಪರಿಗೆಯ ಒಲೆಗೆ ಹಾಕುವರು. ರಸವು ತನ್ನ ಸಿಪ್ಪೆಯ ಉರಿಯಿಂದಲೇ ಬೆಲ್ಲವಾಗುವದು. ಚಹಾದ ಚರಟವನ್ನೂ ಹಾಲು-ಸಕ್ಕರೆಯ ಅಂಶ ಹೋಗುವಂತೆ ತೊಳೆದು ಗುಲಾಬಿಯ ಬುಡಕ್ಕೆ ಹಾಕಿದರೆ ಅದು ನೆಲಕ್ಕೆ ಮರಳಿದಂತಾಯಿತು. ಅದಕ್ಕೆ ಬದಲಾಗಿ, ಕುದಿದ ಪುಡಿಯನ್ನು ಒಣಗಿಸಿ ಬಣ್ಣ ಕಟ್ಟಿ ಮತ್ತೆ ಮಾರುವ ಮೋಸವೂ ಲೋಕದಲ್ಲಿದೆ. ಕಲಬೆರಕೆಯನ್ನು ತಡೆಯುವ 1954ರ ಕಾಯಿದೆಯೂ ಅದರ ಸ್ಥಾನದಲ್ಲಿ ಬಂದ 2006ರ ಕಾಯಿದೆಯೂ ಇಂಥದನ್ನು ಅಪರಾಧವೆಂದೇ ಎಣಿಸಿವೆ. ಚರಟವನ್ನು ಚರಟವೆಂದು ಮರಳಿಸುವದು ಧರ್ಮ, ಸಾರವೆಂದು ಮರಳಿಸುವದು ಕಳವು.

ಇವೆರಡರ ನಡುವೆ ಇನ್ನೂ ಸೂಕ್ಷ್ಮವಾದ ಸಂಗತಿಯೊಂದುಂಟು. ಇಡಿಯ ಎಲೆಯು ಎರಡನೆಯ ಸಲವೂ ನೀರಿಗೆ ಪರಿಮಳವನ್ನು ಕೊಡಬಲ್ಲದು. ಮೊದಲನೆಯ ಕಪ್ಪನ್ನು ಕುಡಿದವನೇ ಎರಡನೆಯದನ್ನೂ ಕುಡಿದರೆ ಅದು ಮಿತವ್ಯಯ. ಮೊದಲನೆಯದನ್ನು ತಾನೂ ಅತಿಥಿಯೂ ಕುಡಿದು, ಅದೇ ಚರಟಕ್ಕೆ ನೀರು ಸುರುವಿ ಕುದಿಸಿ ಹೊಲದಿಂದ ಬಂದ ಆಳಿಗೆ ಕೊಟ್ಟರೆ ಅದು ಏನು? ಕೆಲಸ ಒಂದೇ, ಎಲೆ ಒಂದೇ, ಸಾಧನ ಒಂದೇ. ಕಪ್ಪು ಮಾತ್ರ ಬೇರೆ. ಉಣ್ಣುವವರಲ್ಲಿ ಭೇದವೆಣಿಸಿ ಬಡಿಸುವದನ್ನು ಪಂಕ್ತಿಭೇದವೆಂದು ಹಿಂದಿನವರು ನಿಂದಿಸಿದ್ದಾರೆ. ಚಹಾಕ್ಕೆ ಪಂಕ್ತಿಯಿಲ್ಲವಾದುದರಿಂದ ಅಲ್ಲಿ ಆ ದೋಷವು ತಟ್ಟದೆಂದು ತಿಳಿಯುವದು ಆತ್ಮವಂಚನೆ.

ಕಪ್ಪಿನ ಮಾತು ಬಂದ ಬಳಿಕ ಈ ಸೀಮೆಯ ಇತಿಹಾಸವನ್ನು ನೆನೆಯದೆ ಮುಂದೆ ಹೋಗಲಾಗದು. ಚಹಾದ ಅಂಗಡಿಗಳು ಬಂದ ಹೊಸತರಲ್ಲಿ ಎಲ್ಲರೂ ಒಂದೆಡೆ ಕೂಡ್ರುವ ಸ್ಥಳವೊಂದು ಹುಟ್ಟಿತೆಂದು ತೋರಿತು. ಆದರೆ ಅಲ್ಲಿಯೂ ಅಸ್ಪೃಶ್ಯರೆನಿಸಿದವರಿಗೆ ಹೊರಗೆ ನಿಲ್ಲುವ ಜಾಗ, ಬೇರೆ ಕಪ್ಪು. ನಿಪ್ಪಾಣಿಗೆ ನೆರೆಯದಾದ ಕೊಲ್ಲಾಪುರದಲ್ಲಿ, 1922ರಲ್ಲಿ ತೀರಿಕೊಂಡ ಶಾಹೂ ಮಹಾರಾಜರ ಆಳಿಕೆಯಲ್ಲಿ, ಅರಮನೆಯ ಚಾಕರಿಯಲ್ಲಿದ್ದ ಗಂಗಾರಾಮ ಕಾಂಬಳೆ ಎಂಬವರು ನೀರಿನ ತೊಟ್ಟಿಯನ್ನು ಮುಟ್ಟಿದರೆಂದು ಹೊಡೆತಕ್ಕೆ ಗುರಿಯಾದರು. ಮಹಾರಾಜರು ಅವರಿಗೆ ನೆರವು ಕೊಟ್ಟು ಚಹಾದ ಅಂಗಡಿಯನ್ನು ಹಾಕಿಸಿದರು. ಅಷ್ಟಕ್ಕೆ ನಿಲ್ಲದೆ ತಾವೇ ಅಲ್ಲಿಗೆ ಹೋಗಿ, ಅವರ ಕೈಯ ಚಹಾವನ್ನು ಎಲ್ಲರ ಕಣ್ಣೆದುರಿಗೆ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. 1925ರಲ್ಲಿ ಬಹಿಷ್ಕೃತ ವರ್ಗಗಳ ಪ್ರಾಂತಿಕ ಪರಿಷತ್ತು ಡಾ. ಅಂಬೇಡಕರರ ಅಧ್ಯಕ್ಷತೆಯಲ್ಲಿ ನಿಪ್ಪಾಣಿಯಲ್ಲಿಯೇ ನೆರೆಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಪಡಿಸಿ, ಅಂಗಡಿ-ಹಾಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿಸಿತು; 1955ರ ಕಾಯಿದೆಯು ಅದನ್ನು ಮೀರುವವರಿಗೆ ಶಿಕ್ಷೆಯನ್ನು ವಿಧಿಸಿತು. ಆದರೂ ಬೇರೆ ಕಪ್ಪು ಅಳಿದುಹೋಯಿತೆಂದು ಹೇಳಲಾಗದು. ಅಂಗಡಿಯಿಂದ ಹೊರಬಿದ್ದ ಅದು ಅನೇಕ ಸುಶಿಕ್ಷಿತರ ಅಡಿಗೆಮನೆಯ ಕಿಡಕಿಯಲ್ಲಿ, ಮುಸುರೆ ತಿಕ್ಕುವವಳಿಗೆಂದು ಬೋರಲು ಹಾಕಿದ ಸ್ಟೀಲಿನ ಲೋಟವಾಗಿ ಕುಳಿತಿದೆ.

ಮನುಷ್ಯರನ್ನು ಹೀಗೆ ಬೇರ್ಪಡಿಸುವವರು ತಮ್ಮ ನಡತೆಗೆ ಶುಚಿತ್ವದ ಹೆಸರನ್ನು ಕೊಡುವರು. ಸೋಸುವದು ತಪ್ಪೇ, ಎಂದು ಕೇಳುವರು. ಸೋಸಣಿಗೆಯ ಧರ್ಮವನ್ನು ತಿಳಿದವನಿಗೆ ಈ ವಾದದ ಟೊಳ್ಳು ಕಾಣುವದು. ಸೋಸಣಿಗೆಯು ಎಲೆಯನ್ನೂ ನೀರನ್ನೂ ಮೊದಲು ಕೂಡಗೊಟ್ಟು, ಒಂದರ ಗುಣವು ಇನ್ನೊಂದಕ್ಕೆ ಇಳಿದ ಬಳಿಕ ಬೇರ್ಪಡಿಸುವದು. ಬೇರೆ ಕಪ್ಪಾದರೋ ಕೂಡುವದಕ್ಕಿಂತ ಮೊದಲೇ ಬೇರ್ಪಡಿಸುವದು. ಅದು ಗುಣವನ್ನು ನೋಡಿದ್ದಲ್ಲ, ನೋಡಲು ಒಪ್ಪಿದ್ದೂ ಅಲ್ಲ. ಇದಲ್ಲದೆ ಎಲೆಯಲ್ಲಿ ಸಾರವೂ ಚರಟವೂ ಬೇರೆ ಬೇರೆಯಾಗಿ ಇವೆ. ಮನುಷ್ಯರಲ್ಲಿ ಒಬ್ಬನು ಸಾರ, ಇನ್ನೊಬ್ಬನು ಚರಟ ಎಂಬ ವಿಂಗಡವಿಲ್ಲ. ಅವೆರಡೂ ಪ್ರತಿಯೊಬ್ಬನೊಳಗೆ ಕೂಡಿಕೊಂಡಿವೆ. ಅಲ್ಲಿ ಸೋಸುವ ಅಧಿಕಾರವು ಅವನವನಿಗೇ ಸೇರಿದ್ದು.

ಆದುದರಿಂದ ಸೋಸಣಿಗೆಯನ್ನು ಆರಿಸುವವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳ ಜೊತೆಗೆ ಮನೆಯಲ್ಲಿ ಕೇಳಬೇಕಾದವು ಕೆಲವುಂಟು. ಎಲೆಗೆ ಅರಳುವಷ್ಟು ಎಡೆಯಿದೆಯೆ? ಹೊತ್ತಾದಾಗ ಅದನ್ನು ಹಿಂಡದೆ ಎತ್ತುವ ಕೈಯಿದೆಯೆ? ಅರಿವೆಯ ಮೇಲೆ ಉಳಿದದ್ದು ಎಲ್ಲಿಗೆ ಹೋಗುವದು? ಕೆಳಗೆ ಇಳಿದದ್ದು ಯಾವ ಕಪ್ಪಿಗೆ, ಯಾರ ಕೈಗೆ? ಮೊದಲಿನ ಎರಡಕ್ಕೆ ಉತ್ತರ ಸರಿಯಾದರೆ ಚಹಾ ಚೆನ್ನಾಗುವದು. ಕಡೆಯ ಎರಡಕ್ಕೆ ಉತ್ತರ ಸರಿಯಾದರೆ, ಪುಡಿ ಸಾಧಾರಣವಾಗಿದ್ದರೂ, ಸೋಸುವ ಅರಿವೆ ಹಳೆಯದಾಗಿದ್ದರೂ, ಆ ಮನೆಯ ಚಹಾವನ್ನು ಯಾರೂ ತಲೆಯೆತ್ತಿ ಕುಡಿಯಬಹುದು.